ಬಸುರಿನಿಂದ ಬಾಲ್ಯದವರೆಗೆ: ಮನೆಬಾಗಿಲಲ್ಲೇ ಇರುವ ಆರೋಗ್ಯ ನೆರವು



ಗರುಡಾಚಾರ್‌ಪಾಳ್ಯದ ಹೆಸರನ್ನು ಈಗ ಬಹಳ ಜನ ಕೇಳುವುದು ಮೆಟ್ರೊ ರೈಲಿನಲ್ಲಿ. 2023ರ ಮಾರ್ಚ್ ತಿಂಗಳಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್ ಕಡೆಗೆ ರೈಲು ಓಡತೊಡಗಿದಾಗ ಈ ಊರಿಗೂ ಒಂದು ನಿಲ್ದಾಣ ಬಂತು. ಅದಕ್ಕೆ ಬಹಳ ಮೊದಲು ಇದು ಕೆ.ಆರ್. ಪುರ ಸೀಮೆಯ ಹತ್ತಾರು ಹಳ್ಳಿಗಳಲ್ಲಿ ಒಂದಾಗಿತ್ತು. 2007ರಲ್ಲಿ ಮಹದೇವಪುರ ನಗರಸಭೆಯ ಜೊತೆಯಲ್ಲಿ ಬೃಹತ್ ಬೆಂಗಳೂರಿಗೆ ಸೇರಿತು. ರಾಗಿ, ಅವರೆ ಬೆಳೆದ ಈ ಸೀಮೆಯ ಹೊಲಗಳಲ್ಲಿ ಇಂದು ಮನೆ, ಗೋದಾಮು, ಕಚೇರಿಗಳು ಎದ್ದಿವೆ. ಹಳೆಯ ಒಕ್ಕಲು ಮನೆಗಳು ಮಾತ್ರ ಅಲ್ಲಲ್ಲಿ ಉಳಿದಿವೆ. ಹಿಂದುಗಡೆ ಎರಡು ಹಸು, ಮುಂದುಗಡೆ ನಾಲ್ಕು ಬಾಡಿಗೆ ಮನೆ.

ಕೃಷಿ ಪತ್ರಿಕೆಯಲ್ಲಿ ಬಸುರಿ ಬಾಣಂತಿಯರ ಮಾತೇಕೆ ಎಂದು ನೀವು ಕೇಳಬಹುದು. ಹಸು ಗಬ್ಬವಾದ ದಿನವನ್ನು ಗೋಡೆಯ ಮೇಲೆ ಬರೆದಿಡುವ ಮನೆಯಲ್ಲಿ ಸೊಸೆಯ ಮುಟ್ಟು ನಿಂತ ದಿನ ಯಾರಿಗೂ ನೆನಪಿಲ್ಲದಿರುವುದನ್ನು ಈ ಲೇಖಕ ಎಷ್ಟೋ ಸಲ ಕಂಡಿದ್ದಾನೆ. ಅದಕ್ಕಾಗಿ ಈ ಮಾತು. ಅಲ್ಲದೆ ಬೇಕಾದ ನೆರವು ದೂರದ ದೊಡ್ಡ ಆಸ್ಪತ್ರೆಯಲ್ಲಿ ಅಡಗಿ ಕುಳಿತಿಲ್ಲ. ಅದರ ಬಹುಪಾಲು ನಡೆದು ಹೋಗುವಷ್ಟು ಹತ್ತಿರದಲ್ಲಿದೆ, ಹಣವಿಲ್ಲದೆ ಸಿಗುತ್ತದೆ. ಆದರೆ ಕೇಳಿ ಪಡೆಯಬೇಕು, ಅದೂ ಹೊತ್ತು ಮೀರುವ ಮೊದಲು.

ಈ ನೆರವು ಎಲ್ಲಿಂದ ಬಂತು?

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ದೇಶದಲ್ಲಿ ಆರಂಭವಾದುದು 1975ರ ಅಕ್ಟೋಬರ್ 2ರಂದು, 33 ಕಡೆಗಳಲ್ಲಿ. ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ನಾವು ಅಂಗನವಾಡಿ ಎಂದು ಕರೆಯುವ ಕೇಂದ್ರಗಳು ಹುಟ್ಟಿದ್ದು ಹಾಗೆ. ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳಿಗೆ, ಬಸುರಿಯರಿಗೆ ಮತ್ತು ಬಾಣಂತಿಯರಿಗೆ ಪೂರಕ ಆಹಾರ ಕೊಡುವುದು ಅದರ ಮುಖ್ಯ ಕೆಲಸ. ಜೊತೆಗೆ ಲಸಿಕೆ, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ತಿಳುವಳಿಕೆ, ಕಾಯಿಲೆಯ ಮಗುವನ್ನು ಆಸ್ಪತ್ರೆಗೆ ಕಳಿಸಿಕೊಡುವುದು ಇವೆಲ್ಲ ಸೇರಿವೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯರು ಬಂದರು. 2013ರ ನಗರ ಆರೋಗ್ಯ ಅಭಿಯಾನದಿಂದ ಅವರು ಗರುಡಾಚಾರ್‌ಪಾಳ್ಯದಂಥ, ಹಳ್ಳಿಯೂ ಅಲ್ಲದ ಪೇಟೆಯೂ ಅಲ್ಲದ ಬಡಾವಣೆಗಳಿಗೂ ಕಾಲಿಟ್ಟರು.

ಹೀಗಾಗಿ ನಿಮ್ಮ ಮನೆಗೆ ಸಂಬಂಧಪಟ್ಟವರು ಮೂವರು. ಅಂಗನವಾಡಿ ಕಾರ್ಯಕರ್ತೆ ಊಟ ಮತ್ತು ಮಗುವಿನ ಬೆಳವಣಿಗೆಯನ್ನು ನೋಡಿಕೊಳ್ಳುತ್ತಾರೆ. ಆಶಾ ಮನೆಗೆ ಬರುತ್ತಾರೆ, ಆಸ್ಪತ್ರೆಗೆ ಜೊತೆಯಲ್ಲಿ ಬರುತ್ತಾರೆ. ಆರೋಗ್ಯ ಕೇಂದ್ರದ ನರ್ಸಮ್ಮ ಚುಚ್ಚುಮದ್ದು ಹಾಕುತ್ತಾರೆ, ರಕ್ತದೊತ್ತಡ ನೋಡುತ್ತಾರೆ. ಈ ಮೂವರ ಹೆಸರು, ಫೋನ್ ಸಂಖ್ಯೆ ಮನೆಯ ಗೋಡೆಯ ಮೇಲಿರಲಿ. ಹಾಲಿನ ಡೇರಿಯವರ ಸಂಖ್ಯೆ ಇರುವ ಕಡೆಯಲ್ಲೇ ಬರೆದರೆ ಕಣ್ಣಿಗೆ ಬೀಳುತ್ತದೆ.

ಮೊದಲ ಮೂರು ತಿಂಗಳು

ಮುಟ್ಟು ನಿಂತು ಒಂದೂವರೆ ತಿಂಗಳಾದ ಕೂಡಲೇ ಆಶಾರಿಗೆ ತಿಳಿಸಿ ಹೆಸರು ನೋಂದಾಯಿಸಬೇಕು. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬ ಪದ್ಧತಿ ನಮ್ಮಲ್ಲಿದೆ. ನೆಂಟರಿಷ್ಟರಿಗೆ ಹೇಳಬೇಡಿ, ಅಡ್ಡಿಯಿಲ್ಲ. ನರ್ಸಮ್ಮನಿಗೆ ಹೇಳಿ. ಏಕೆಂದರೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಅಡಿಪಾಯ ಬೀಳುವುದು ಈ ಮೊದಲ ವಾರಗಳಲ್ಲೇ. ಆಗ ಬೇಕಾದ ಫೋಲಿಕ್ ಆಮ್ಲದ ಮಾತ್ರೆಯನ್ನು ಐದನೆಯ ತಿಂಗಳಲ್ಲಿ ನುಂಗಿದರೆ ಆ ಕೆಲಸಕ್ಕೆ ಒದಗುವುದಿಲ್ಲ. ಬಿತ್ತುವಾಗ ಕೊಡಬೇಕಾದ ಗೊಬ್ಬರವನ್ನು ತೆನೆ ಬಿಟ್ಟ ಮೇಲೆ ಕೊಟ್ಟಂತೆ.

ನೋಂದಣಿಯಾದಾಗ ತಾಯಿ ಕಾರ್ಡ್ ಸಿಗುತ್ತದೆ. ತಾಯಿಯ ತೂಕ, ರಕ್ತದೊತ್ತಡ, ರಕ್ತದ ಅಂಶ, ಹೆರಿಗೆಯ ಅಂದಾಜು ದಿನ, ಮುಂದೆ ಮಗುವಿನ ಲಸಿಕೆ, ಎಲ್ಲವನ್ನೂ ಇದರಲ್ಲೇ ಬರೆಯುತ್ತಾರೆ. ಇದನ್ನು ಪಹಣಿ, ಪಾಸ್‌ಬುಕ್ಕುಗಳ ಜೊತೆಯಲ್ಲಿ ಇಡಿ. ತವರಿಗೆ ಹೋಗುವಾಗ ಸೀರೆಗಿಂತ ಮೊದಲು ಚೀಲಕ್ಕೆ ಹಾಕಬೇಕಾದ ವಸ್ತು ಇದು. ಕಾರ್ಡಿಲ್ಲದೆ ನಡುರಾತ್ರಿ ಆಸ್ಪತ್ರೆಗೆ ಹೋದರೆ ಅಲ್ಲಿಯ ವೈದ್ಯರು ಎಲ್ಲವನ್ನೂ ಮೊದಲಿನಿಂದ ಹುಡುಕಬೇಕಾಗುತ್ತದೆ.

ಹೆರಿಗೆಯವರೆಗೆ ಕಡಿಮೆಯೆಂದರೆ ನಾಲ್ಕು ಸಲ ತಪಾಸಣೆ ಆಗಬೇಕು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರೇ ನೋಡುವ ಏರ್ಪಾಡಿದೆ. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾದರೆ, ತಾಯಿಯ ಎತ್ತರ 145 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಹಿಂದಿನ ಹೆರಿಗೆ ಶಸ್ತ್ರಚಿಕಿತ್ಸೆಯಿಂದ ಆಗಿದ್ದರೆ, ಅವಳಿ ಮಕ್ಕಳಿದ್ದರೆ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆಗೆ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಬಸುರಿಯ ವಯಸ್ಸು ತೀರ ಚಿಕ್ಕದಾದರೂ ಅದೇ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019–21) ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇಕಡಾ 21ರಷ್ಟು ಮಂದಿಗೆ 18 ತುಂಬುವ ಮುಂಚೆಯೇ ಮದುವೆಯಾಗಿತ್ತು. ಕಾನೂನಿನ ಮಾತು ಹಾಗಿರಲಿ, ಕಡಸು ಪೂರ್ತಿ ಬೆಳೆಯುವ ಮುನ್ನ ಹೋರಿಗೆ ಬಿಡದ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ರಕ್ತಹೀನತೆ: ಸದ್ದಿಲ್ಲದ ಶತ್ರು

ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇರುವುದು ಕಂಡುಬಂತು. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. 7 ಗ್ರಾಂಗಿಂತ ಕಡಿಮೆಯಾದರೆ ಅಪಾಯ. ಅಂಥ ತಾಯಿಗೆ ಹೆರಿಗೆಯಲ್ಲಿ ಹೋಗುವ ಸಾಧಾರಣ ರಕ್ತವೂ ಪ್ರಾಣಕ್ಕೆ ಬರಬಹುದು.

ಕೆ.ಆರ್. ಪುರದಾಚೆಯ ಒಂದು ಒಕ್ಕಲು ಮನೆಗೆ ದ್ರಾಕ್ಷಿ ತೋಟ ನೋಡಲೆಂದು ಈ ಲೇಖಕ ಹೋಗಿದ್ದಾಗ ಕಂಡ ಸಂಗತಿಯೊಂದಿದೆ. ತೋಟ ಅಚ್ಚುಕಟ್ಟಾಗಿತ್ತು. ಯಾವ ದಿನ ಯಾವ ಔಷಧಿ ಸಿಂಪಡಿಸಿದ್ದೆಂದು ಯಜಮಾನರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಎಂಟು ತಿಂಗಳ ಬಸುರಿ ಸೊಸೆ ಮಜ್ಜಿಗೆ ತಂದುಕೊಟ್ಟಳು. ಲೋಟ ಹಿಡಿದ ಕೈ ಬಿಳಿಚಿಕೊಂಡಿತ್ತು, ನಾಲ್ಕು ಹೆಜ್ಜೆಗೇ ಏದುಸಿರು. ಅಷ್ಟರಲ್ಲಿ ಆಶಾ ಬಂದರು.

“ಅಜ್ಜೀ, ಮಾತ್ರೆ ಕೊಡ್ತಾ ಇದ್ದೀರಾ?” ಎಂದು ಅತ್ತೆಯವರನ್ನು ಕೇಳಿದರು.

“ಕೊಟ್ಟಿದ್ದು ಹಂಗೇ ಐತೆ ಕಣಮ್ಮ. ಅದು ತಿಂದ್ರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತಂತೆ. ಕಪ್ಪಗೂ ಹುಟ್ಟುತ್ತಂತೆ.”

ಮಾತ್ರೆಯ ಪಟ್ಟಿಗಳು ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಒಂದೂ ಮುರಿಯದೆ ಇದ್ದವು. ಮರುದಿನ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 6.4. ಆಸ್ಪತ್ರೆಯಲ್ಲಿ ಇರಿಸಿಕೊಂಡು ಚಿಕಿತ್ಸೆ ಕೊಟ್ಟರು. ತಾಯಿಯೂ ಮಗುವೂ ಉಳಿದರು, ಮಗು ಮಾತ್ರ 2 ಕಿಲೋ ಮುಟ್ಟಲಿಲ್ಲ. ಅತ್ತೆಯವರದು ಕೆಟ್ಟ ಮನಸ್ಸಲ್ಲ. ತಮಗೆ ಹಿರಿಯರು ಹೇಳಿದ್ದನ್ನೇ ಅವರು ನಂಬಿದ್ದರು, ಅಷ್ಟೇ. ಆದರೆ ಅಷ್ಟು ಸಲ ಆ ಮನೆಗೆ ಹೋಗಿಯೂ ಬಳ್ಳಿಯ ಎಲೆಯ ಬಣ್ಣ ನೋಡಿದ ಈ ಲೇಖಕ ಆ ಹೆಣ್ಣುಮಗಳ ಮುಖದ ಬಣ್ಣ ನೋಡಿರಲಿಲ್ಲ ಎಂಬುದೂ ನಿಜ.

ಕಬ್ಬಿಣಾಂಶದ ಮಾತ್ರೆಯಿಂದ ಮಗು ಕಪ್ಪಾಗುವುದಿಲ್ಲ. ಮಲ ಕಪ್ಪಾಗುತ್ತದೆ, ಅದು ಸಹಜ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ಕಾಫಿ, ಟೀ ಜೊತೆ ಬೇಡ. ಅವು ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ನಿಂಬೆ, ನೆಲ್ಲಿಕಾಯಿ, ಸೀಬೆ ಒಳ್ಳೆಯವು. ಸುಣ್ಣದ ಅಂಶದ ಮಾತ್ರೆಯನ್ನೂ ಕೊಡುತ್ತಾರೆ. ಅದನ್ನೂ ಇದನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಅಂತರವಿರಲಿ. ನಾಲ್ಕನೆಯ ತಿಂಗಳಾದ ಮೇಲೆ ಜಂತುಹುಳುವಿನ ಮಾತ್ರೆಯೊಂದನ್ನು ನರ್ಸಮ್ಮನ ಸಲಹೆಯಂತೆ ತೆಗೆದುಕೊಳ್ಳಬೇಕು. ಬರಿಗಾಲಿನಲ್ಲಿ ಗದ್ದೆ ತೋಟದಲ್ಲಿ ಓಡಾಡುವವರ ರಕ್ತ ಹೀರುವುದರಲ್ಲಿ ಕೊಕ್ಕೆಹುಳುವಿನ ಪಾಲು ದೊಡ್ಡದು. ಆದ್ದರಿಂದ ಚಪ್ಪಲಿಯೂ ಒಂದು ಔಷಧಿಯೇ.

ಊಟದ ಮಾತು

ಬಸುರಿ ಇಬ್ಬರಿಗಾಗುವಷ್ಟು ಉಣ್ಣಬೇಕಾಗಿಲ್ಲ, ಆದರೆ ದಿನಕ್ಕೆ ಒಂದು ಹೊತ್ತಿನ ಊಟ ಹೆಚ್ಚು ಬೇಕು. ಒಂಬತ್ತು ತಿಂಗಳಲ್ಲಿ ಸುಮಾರು 10 ಕಿಲೋ ತೂಕ ಏರಬೇಕು. ಅದಕ್ಕೆ ಪೇಟೆಯ ಡಬ್ಬಿ ಪುಡಿ ಅಗತ್ಯವಿಲ್ಲ. ನಮ್ಮ ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ರೂಪಿಸಿ ರಾಗಿಯ ಇಳುವರಿ ಹೆಚ್ಚಿಸಿದರು, ಮುಂದೆ ಜಿ.ಪಿ.ಯು. 28 ಬಂತು. ಇಳುವರಿ ಹೆಚ್ಚಿದ ಕಾಲದಲ್ಲಿಯೇ ಒಕ್ಕಲು ಮನೆಯ ತಟ್ಟೆಯಿಂದ ಮುದ್ದೆ ಜಾರುತ್ತಿರುವುದು ವಿಪರ್ಯಾಸ. ಮುದ್ದೆ, ಸೊಪ್ಪಿನ ಬಸ್ಸಾರು, ಅವರೆ ಅಥವಾ ಹುರುಳಿಕಾಳು, ಒಂದು ಮೊಟ್ಟೆ, ಒಂದು ಲೋಟ ಹಾಲು. ಡೇರಿಗೆ ಹತ್ತು ಲೀಟರ್ ಹಾಕುವ ಮನೆಯಲ್ಲಿ ಬಸುರಿಗೆ ಕಾಲು ಲೀಟರ್ ಉಳಿಸುವುದು ಕಷ್ಟವಲ್ಲ. ನುಗ್ಗೆಸೊಪ್ಪು ಉಷ್ಣವೆಂದು ದೂರ ಇಡುವವರಿದ್ದಾರೆ, ಅದಕ್ಕೆ ಆಧಾರವಿಲ್ಲ.

ಅಂಗನವಾಡಿಯ ಊಟ ಇದರ ಮೇಲಿನದು. ಕರ್ನಾಟಕದಲ್ಲಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಂತೆ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಗೊತ್ತಾಯಿತು. ದಿನಕ್ಕೆ 600 ಕ್ಯಾಲೊರಿ ಶಕ್ತಿ, 18ರಿಂದ 20 ಗ್ರಾಂ ಸಸಾರಜನಕ ಕೊಡಬೇಕೆಂಬುದು ನಿಯಮ. ಇದು ಯಾರೋ ದಯೆಯಿಂದ ಕೊಡುವ ದಾನವಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಲ್ಲಿ ಬಸುರಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೂ ಇದನ್ನು ಹಕ್ಕೆಂದು ಬರೆದಿದ್ದಾರೆ. “ನಾವು ಅನುಕೂಲಸ್ಥರು, ಅಂಗನವಾಡಿಗೆ ಹೋಗಿ ಉಣ್ಣುವುದೇ?” ಎನ್ನುವ ಮನೆಗಳಿವೆ. ಉಣ್ಣದಿದ್ದರೆ ಬೇಡ, ತೂಕ ನೋಡಿಸುವುದಕ್ಕೂ ತಪಾಸಣೆಗೂ ಸಂಕೋಚ ಬೇಡ.

ಹೊಲ, ಕೊಟ್ಟಿಗೆ, ಬಾವಿ

ಇದನ್ನು ಆಸ್ಪತ್ರೆಯ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ, ಆದ್ದರಿಂದ ನಾವು ಹೇಳಬೇಕು. ಬಸುರಿ ಕೀಟನಾಶಕ ಸಿಂಪಡಿಸುವುದಾಗಲಿ, ಬೆರೆಸುವುದಾಗಲಿ, ಸಿಂಪಡಿಸಿದ ತೋಟದಲ್ಲಿ ಅಂದೇ ಕಳೆ ಕೀಳುವುದಾಗಲಿ ಕೂಡದು. ಗಂಡಸರು ಸಿಂಪಡಿಸಿ ಬಂದ ಬಟ್ಟೆಯನ್ನು ಆಕೆ ಒಗೆಯುವುದೂ ಬೇಡ. ಗಂಡನೇ ಬೇರೆಯಾಗಿ ಒಗೆದುಕೊಳ್ಳಲಿ. ಔಷಧಿಯ ಖಾಲಿ ಡಬ್ಬವನ್ನು ತೊಳೆದು ಎಣ್ಣೆ, ನೀರು ತುಂಬುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಇದು ವಿಷದ ಬಟ್ಟಲು.

ಹಸು, ಎಮ್ಮೆ, ಕುರಿ, ಮೇಕೆಗಳು ಕಂದು ಹಾಕಿದರೆ ಆ ಕಂದನ್ನೂ ಮಾಸನ್ನೂ ಬಸುರಿ ಮುಟ್ಟಬಾರದು. ಬ್ರುಸೆಲ್ಲೋಸಿಸ್ ಎಂಬ ರೋಗ ಹೀಗೆ ಪ್ರಾಣಿಯಿಂದ ಮನುಷ್ಯರಿಗೆ ಅಂಟುತ್ತದೆ, ಹಸಿ ಹಾಲಿನಿಂದಲೂ ಬರುತ್ತದೆ. ಕೈಗವಸು ಹಾಕಿಕೊಂಡು ಗಂಡಸರು ಆಳವಾಗಿ ಹೂಳಲಿ, ಪಶುವೈದ್ಯರಿಗೆ ತಿಳಿಸಲಿ. ಹಾಲನ್ನು ಕಾಯಿಸದೆ ಯಾರೂ ಕುಡಿಯಬಾರದು.

ಬಾವಿ, ಕೊಳವೆ ಬಾವಿಯ ನೀರಿನ ಬಗ್ಗೆಯೂ ಒಂದು ಮಾತು. ತಿಪ್ಪೆ, ಶೌಚದ ಗುಂಡಿ, ಅತಿಯಾದ ಯೂರಿಯ, ಪೇಟೆಯ ಕೊಳಚೆ ಇವುಗಳಿಂದ ನೀರಿಗೆ ನೈಟ್ರೇಟ್ ಸೇರುತ್ತದೆ. ಅಂಥ ನೀರಿನಲ್ಲಿ ಪುಡಿ ಹಾಲು ಕಲಸಿ ಎಳೆಗೂಸಿಗೆ ಕುಡಿಸಿದರೆ ರಕ್ತ ಉಸಿರುಗಾಳಿಯನ್ನು ಹೊರಲಾರದೆ ಮಗು ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸುವಂತೆ ಕುಡಿಯುವ ನೀರನ್ನೂ ಪರೀಕ್ಷೆ ಮಾಡಿಸಿ. ಎದೆಹಾಲು ಕುಡಿಯುವ ಮಗುವಿಗೆ ಈ ಭಯವೇ ಇಲ್ಲ.

ಹೆರಿಗೆ: ಯಾವುದಕ್ಕೆ ಕಾಯಬಾರದು

ರಕ್ತ ಹೋಗುವುದು, ಮುಖ ಕೈ ಊದಿಕೊಳ್ಳುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ನೋವು ಬರುವ ಮೊದಲೇ ನೀರು ಒಡೆಯುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಜ್ವರ. ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕುಳಿತು ಕಾಯಬಾರದು. ಅಮಾವಾಸ್ಯೆ ಕಳೆಯಲಿ, ರಾಹುಕಾಲ ಕಳೆಯಲಿ ಎಂದು ಕಾದು ಕೈಸುಟ್ಟುಕೊಂಡವರಿದ್ದಾರೆ. 108 ಸಂಖ್ಯೆಗೆ ಫೋನ್ ಮಾಡಿ. ಕರ್ನಾಟಕದಲ್ಲಿ ಈ ಆರೋಗ್ಯ ಕವಚ ವಾಹನ ಸೇವೆ 2008ರ ನವೆಂಬರ್‌ನಿಂದ ಇದೆ. ಆದರೂ ಪಕ್ಕದ ಆಟೊ ಚಾಲಕರ ಸಂಖ್ಯೆಯೂ ಕೈಯಲ್ಲಿರಲಿ. ಹೂಡಿ, ಮಹದೇವಪುರ ರಸ್ತೆಯ ಸಂಜೆಯ ವಾಹನ ಸಂದಣಿ ಯಾವ ಕವಚಕ್ಕೂ ದಾರಿ ಬಿಡುವುದಿಲ್ಲ.

ಈ ಭಾಗದವರಿಗೆ ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ ಹತ್ತಿರ. ಶಿವಾಜಿನಗರದಲ್ಲಿ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಹೆರಿಗೆಗೇ ಹೆಸರಾದ ಗೋಷಾ ಆಸ್ಪತ್ರೆ ಇವೆ. ಪರದೆಯೊಳಗಿನ ಹೆಂಗಸರೂ ನಿಸ್ಸಂಕೋಚವಾಗಿ ಬರಲೆಂದು ಹಾಜಿ ಸರ್ ಇಸ್ಮಾಯಿಲ್ ಸೇಠರ ದಾನದಿಂದ ಆದ ಆಸ್ಪತ್ರೆ ಅದು. ಕೋಟೆಯ ಬಳಿ 1935ರಿಂದ ವಾಣಿ ವಿಲಾಸ ಆಸ್ಪತ್ರೆ ಇದೆ.

2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ರಕ್ತ, ಊಟ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ ಕಂತುಗಳಲ್ಲಿ ತಾಯಿಯ ಖಾತೆಗೇ ಬರುತ್ತದೆ. ಎರಡನೆಯದು ಹೆಣ್ಣಾದರೆ 6,000. ಅರ್ಹತೆಯ ನಿಯಮಗಳನ್ನು ಅಂಗನವಾಡಿ ಕಾರ್ಯಕರ್ತೆಯಿಂದ ತಿಳಿಯಿರಿ. ಖಾತೆ ತಾಯಿಯ ಹೆಸರಿನಲ್ಲಿಯೇ ಇರಬೇಕು, ಗಂಡನ ಖಾತೆ ಆಗುವುದಿಲ್ಲ.

ಮನೆಯಲ್ಲಿ ಹೆರಿಗೆ ಏಕೆ ಬೇಡವೆಂದರೆ, ಹಿಂದೆ ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ದು ಸಗಣಿ ಬೂದಿ ಹಚ್ಚುತ್ತಿದ್ದರು. ಧನುರ್ವಾಯುವಿನ ಬೀಜಾಣು ಇರುವುದೇ ಸಗಣಿಯಲ್ಲಿ, ಮಣ್ಣಿನಲ್ಲಿ. ಎಂಟು ದಿನದ ಕೂಸು ಬಿಲ್ಲಿನಂತೆ ಬಾಗಿ ಸಾಯುತ್ತಿದ್ದುದು ಇದರಿಂದ. ಬಸುರಿಯರಿಗೆ ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಹಾಕಿದ್ದರಿಂದಲೂ, ಆಸ್ಪತ್ರೆಯ ಹೆರಿಗೆ ಹೆಚ್ಚಿದ್ದರಿಂದಲೂ 2015ರ ವೇಳೆಗೆ ಈ ಪಿಡುಗು ದೇಶದಲ್ಲಿ ಲೆಕ್ಕಕ್ಕೆ ಸಿಗದಷ್ಟು ತಗ್ಗಿತು. ಹೊಕ್ಕುಳಿಗೆ ಈಗಲೂ ಏನನ್ನೂ ಹಚ್ಚಬಾರದು, ಒಣಗಲು ಬಿಡಬೇಕು.

ಗಿಣ್ಣು ಕರುವಿಗೆ, ಕೂಸಿಗೇಕಲ್ಲ?

ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸದಿದ್ದರೆ ಅದು ಭೇದಿಯಿಂದ ಸಾಯಬಹುದೆಂದು ಹಸು ಸಾಕಿದ ಪ್ರತಿಯೊಬ್ಬರಿಗೂ ಗೊತ್ತು. ಅದೇ ಮನೆಯಲ್ಲಿ ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಕೂಸಿಗೆ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುತ್ತಾರೆ. ಆ ಹಳದಿ ಹಾಲು ಕೂಸಿನ ಗಿಣ್ಣು, ಮೊದಲ ಲಸಿಕೆಯಿದ್ದಂತೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಆರು ತಿಂಗಳು ಬರೀ ಎದೆಹಾಲು. ನೀರೂ ಬೇಡ, ಗ್ರೈಪ್ ವಾಟರೂ ಬೇಡ, ಹರಳೆಣ್ಣೆಯೂ ಬೇಡ.

ಬಾಣಂತಿಗೆ ನೀರು ಕೊಟ್ಟರೆ ಶೀತವಾಗುತ್ತದೆಂದು ಬಾಯಾರಿಸಿ ಕೂರಿಸುವುದು ತಪ್ಪು. ಹಾಲು ಬರುವುದೇ ಅವಳು ಕುಡಿಯುವ ನೀರಿನಿಂದ, ಉಣ್ಣುವ ಊಟದಿಂದ. ಬರೀ ಅನ್ನ ತುಪ್ಪ ಮೆಣಸಿನ ಸಾರಿನಲ್ಲಿ ನಲವತ್ತು ದಿನ ಕಳೆದರೆ ರಕ್ತ ಎಲ್ಲಿಂದ ತುಂಬಬೇಕು? ಬೆಚ್ಚಗಿಡುವುದು, ಎಣ್ಣೆ ನೀರು, ತವರಿನ ವಿಶ್ರಾಂತಿ ಇವೆಲ್ಲ ಒಳ್ಳೆಯ ಪದ್ಧತಿಗಳೇ, ಉಳಿಯಲಿ. ಆದರೆ ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ಕೂಸಿನ ಕಿವಿ ಮೂಗಿಗೆ ಎಣ್ಣೆ, ಹೊಟ್ಟೆ ಉಬ್ಬರಕ್ಕೆ ಬರೆ ಇವನ್ನು ನಿಲ್ಲಿಸಲೇಬೇಕು. 2.5 ಕಿಲೋಗಿಂತ ಕಡಿಮೆ ತೂಕದ ಕೂಸನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಹೊದಿಸುವುದು ಶಾಖಕ್ಕೆ ಬಹಳ ಒಳ್ಳೆಯದು. ತಂದೆಯೂ ಹಾಗೆ ಮಲಗಿಸಿಕೊಳ್ಳಬಹುದು, ನಾಚಿಕೆ ಬೇಡ.

ಆಸ್ಪತ್ರೆಯಿಂದ ಬಂದ ಮೇಲೆ ಆಶಾ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ಕೂಸಿನ ತೂಕ, ಮೈಶಾಖ ನೋಡಬೇಕೆಂಬುದು ನಿಯಮ. ಬಾರದಿದ್ದರೆ ಫೋನ್ ಮಾಡಿ ಕರೆಯಿರಿ. ದೃಷ್ಟಿಯಾಗುತ್ತದೆಂದು ತೂಕ ಮಾಡಿಸದೆ ಬಾಗಿಲಿನಿಂದಲೇ ಕಳಿಸಬೇಡಿ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ಕೂಡಲೇ ಆಸ್ಪತ್ರೆ.

ಲಸಿಕೆಗಳು

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಆರಂಭವಾಯಿತು. 2014ರಲ್ಲಿ ದೇಶ ಪೋಲಿಯೊ ಮುಕ್ತವೆಂದು ಘೋಷಿತವಾದುದು ಅದರ ಫಲ. ಹುಟ್ಟಿದಾಗ ಬಿ.ಸಿ.ಜಿ., ಪೋಲಿಯೊ ಹನಿ, 24 ಗಂಟೆಯೊಳಗೆ ಕಾಮಾಲೆ ಲಸಿಕೆ. ಅನಂತರ 6, 10 ಮತ್ತು 14ನೆಯ ವಾರ. 9 ತಿಂಗಳು ತುಂಬಿದಾಗ ದಡಾರ ರುಬೆಲ್ಲಾ ಲಸಿಕೆ ಮತ್ತು ಎ ಜೀವಸತ್ವದ ಹನಿ. 16ರಿಂದ 24 ತಿಂಗಳೊಳಗೆ ಮತ್ತೊಂದು ಸುತ್ತು. ಎ ಜೀವಸತ್ವವನ್ನು ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡಿಸಬೇಕು.

ಆರನೆಯ ವಾರದ ಚುಚ್ಚುಮದ್ದಿನ ರಾತ್ರಿ ಮಗುವಿಗೆ ಜ್ವರ ಬರಬಹುದು, ತೊಡೆ ಊದಬಹುದು. ಇದನ್ನು ಕಂಡು ಎಷ್ಟೋ ಮನೆಯವರು ಮುಂದಿನ ಲಸಿಕೆ ಬಿಡುತ್ತಾರೆ. ಜ್ವರಕ್ಕೆ ನರ್ಸಮ್ಮ ಕೊಟ್ಟ ಔಷಧಿ ಸಾಕು. ಬಿ.ಸಿ.ಜಿ. ಹಾಕಿದ ತೋಳಿನಲ್ಲಿ ಒಂದೂವರೆ ತಿಂಗಳಿಗೆ ಗುಳ್ಳೆಯೆದ್ದು ಗಾಯವಾಗುತ್ತದೆ. ಅದಕ್ಕೆ ಏನನ್ನೂ ಹಚ್ಚಬೇಡಿ.

ಆರು ತಿಂಗಳಿನಿಂದ ಮುಂದೆ

ಮೊಳಕೆ ಕಟ್ಟಿದ ರಾಗಿಯ ಸರಿ ನಮ್ಮ ಅಜ್ಜಿಯರು ಕೊಟ್ಟ ವಿದ್ಯೆ, ಇಂದಿನ ವಿಜ್ಞಾನವೂ ಒಪ್ಪಿದ್ದು. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಂತೆ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಬೇಕು. ಹುರಿದ ಹೆಸರುಬೇಳೆ ಕಾಲು ಭಾಗ ಸೇರಿಸಿದರೆ ಸಸಾರಜನಕ ಚೆನ್ನಾಗಿ ಒದಗುತ್ತದೆ. ಮೊಳಕೆಯಿಂದ ಹಿಟ್ಟಿನ ಪಿಷ್ಟ ಒಡೆದು ಸರಿ ತೆಳುವಾಗುತ್ತದೆ, ಆದ್ದರಿಂದ ಚಿಕ್ಕ ಹೊಟ್ಟೆಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ಬೆಲ್ಲಕ್ಕಿಂತ ಒಂದು ಚಮಚ ತುಪ್ಪ ಮೇಲು. ಚಮಚದಿಂದ ಜಾರುವಷ್ಟು ಗಟ್ಟಿ ಇರಲಿ, ನೀರಿನಂತೆ ಸುರಿಯಬಾರದು. ಎಂಟನೆಯ ತಿಂಗಳಿಗೆ ಮಸೆದ ಅನ್ನ, ಬೇಳೆ, ಸೊಪ್ಪು, ಮೊಟ್ಟೆ. ಒಂದು ವರ್ಷಕ್ಕೆ ಮನೆಯವರು ಉಣ್ಣುವುದನ್ನೇ ಖಾರವಿಲ್ಲದೆ. ಎದೆಹಾಲು ಎರಡು ವರ್ಷದವರೆಗೂ ಇರಲಿ. ಮೂರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಿಂದ ಪುಷ್ಟಿ ಹಿಟ್ಟು ಮನೆಗೆ ಕೊಡುತ್ತಾರೆ. ಅದನ್ನು ಕರುವಿಗೆ ಹಾಕುವವರೂ ಉಂಟೆಂದು ಬರೆಯಲು ಬೇಸರವಾಗುತ್ತದೆ.

ಐದು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕು. ರಾಜ್ಯದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದು ಮೇಲೆ ಹೇಳಿದ ಸಮೀಕ್ಷೆ ತಿಳಿಸಿತು. ರೇಷ್ಮೆ ಬೆಳೆಗಾರರು ಜ್ವರಕ್ಕೊಮ್ಮೆ ಹುಳುವಿನ ಬೆಳವಣಿಗೆ ನೋಡಿ ಸೊಪ್ಪು ಬದಲಿಸುತ್ತಾರೆ. ಮಗುವಿನ ತೂಕವನ್ನು ತಿಂಗಳಿಗೊಮ್ಮೆ ನೋಡಿ. ಎರಡು ತಿಂಗಳು ಏರದೆ ನಿಂತರೆ ಅಥವಾ ತೋಳಿನ ಸುತ್ತಳತೆಯ ಪಟ್ಟಿ ಕೆಂಪು ಭಾಗಕ್ಕೆ, ಅಂದರೆ 11.5 ಸೆಂಟಿಮೀಟರಿಗಿಂತ ಕೆಳಕ್ಕೆ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅಂಥ ಮಕ್ಕಳನ್ನು ಇರಿಸಿಕೊಂಡು ಉಪಚರಿಸುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ.

ಭೇದಿಯಾದಾಗ ಹಾಲು ನಿಲ್ಲಿಸಬಾರದು. ಓ.ಆರ್.ಎಸ್. ಪೊಟ್ಟಣ ಆಶಾರ ಬಳಿ ಸಿಗುತ್ತದೆ. ಸಿಗುವವರೆಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿ. ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಸೇರಿಸಿ 14 ದಿನ ಕೊಡಬೇಕು. ಕೆಮ್ಮು ನೆಗಡಿಯ ಮಗುವಿನ ಉಸಿರನ್ನು ಗಡಿಯಾರ ನೋಡಿ ಎಣಿಸಿ: 2 ತಿಂಗಳಿನಿಂದ ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50, ವರ್ಷ ಮೀರಿದ ಮಗುವಿಗೆ 40 ಮುಟ್ಟಿದರೆ ನ್ಯುಮೋನಿಯ ಇರಬಹುದು.

ಹುಟ್ಟಿನಿಂದ ಬಂದ ಹೃದಯದ ತೂತು, ಸೀಳುತುಟಿ, ಸೊಟ್ಟಪಾದ ಇವನ್ನು ಹಣೆಬರಹವೆಂದು ಬಿಡಬೇಕಾಗಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ, ಉಚಿತ ಚಿಕಿತ್ಸೆಗೆ ಕಳಿಸುತ್ತವೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಜಯದೇವ ಹೃದ್ರೋಗ ಸಂಸ್ಥೆ ಇವೆ. ಗರುಡಾಚಾರ್‌ಪಾಳ್ಯಕ್ಕೆ ಕೆಲವೇ ಮೈಲಿ ದೂರದ ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಆರಂಭವಾದ ಸತ್ಯ ಸಾಯಿ ಉನ್ನತ ವೈದ್ಯಕೀಯ ಸಂಸ್ಥೆಯಲ್ಲಿ ಹಣ ಪಡೆಯದೆ ಹೃದಯ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ನಿಮ್ಮ ಬಾಡಿಗೆದಾರರ ಮಗು

ಊರಂಚಿನ ರೈತರಿಗೆ ಮಾತ್ರ ಸೇರಿದ ಒಂದು ವಿಷಯ ಉಳಿದಿದೆ. ನಿಮ್ಮ ಜಮೀನಿನಲ್ಲಿ ಶೀಟು ಹೊದಿಸಿದ ಸಾಲುಮನೆಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಕಟ್ಟಡ ಕೆಲಸದವರಿದ್ದಾರೆ, ಹೊರರಾಜ್ಯದವರೂ ಇದ್ದಾರೆ. ಆ ಹೆಂಗಸರು ಏಳನೆಯ ತಿಂಗಳಲ್ಲೂ ಇಟ್ಟಿಗೆ ಹೊರುತ್ತಾರೆ. ಅವರ ತಾಯಿ ಕಾರ್ಡ್ ಊರಿನಲ್ಲಿ, ಅವರು ಇಲ್ಲಿ. “ಇಲ್ಲಿಯ ರೇಷನ್ ಕಾರ್ಡಿಲ್ಲ, ನಮಗೆ ಕೊಡುವುದಿಲ್ಲ” ಎಂದುಕೊಂಡು ಅಂಗನವಾಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಇದು ತಪ್ಪು ತಿಳುವಳಿಕೆ. ಅಂಗನವಾಡಿಗೂ ಲಸಿಕೆಗೂ ಇಲ್ಲಿಯ ರೇಷನ್ ಕಾರ್ಡ್ ಬೇಕಿಲ್ಲ, ಎಲ್ಲಿ ವಾಸವೋ ಅಲ್ಲಿ ಸಿಗಬೇಕು. ತಾಯಿ ಕಾರ್ಡಿನಲ್ಲಿರುವ ಸಂಖ್ಯೆಯಿಂದ ಅವರ ವಿವರವನ್ನು ಇಲ್ಲಿಯೂ ತೆಗೆಯಬಹುದು. ಊರು ಬಿಡುವಾಗ ಹೆಸರನ್ನು ಇನ್ನೊಂದು ಅಂಗನವಾಡಿಗೆ ವರ್ಗಾಯಿಸುವ ಅನುಕೂಲವೂ ಉಂಟು.

ನೀವು ಮಾಡಬೇಕಾದುದು ಇಷ್ಟೇ. ಬಾಡಿಗೆ ವಸೂಲಿಗೆ ಹೋದಾಗ ಬಸುರಿಯರಿದ್ದಾರೆಯೇ, ಐದು ವರ್ಷದೊಳಗಿನ ಮಕ್ಕಳೆಷ್ಟು ಎಂದು ಕೇಳಿ ಆಶಾರಿಗೆ ಒಂದು ಫೋನ್ ಮಾಡಿ. ಗೇಟಿನ ಬಳಿ ಅವರನ್ನು ತಡೆಯಬೇಡಿ. ದಡಾರಕ್ಕೆ ಪಟ್ಟಾದಾರ ಯಾರು, ಬಾಡಿಗೆದಾರ ಯಾರು ಎಂಬ ಭೇದ ತಿಳಿಯದು. ಶೀಟುಮನೆಯ ಮಗುವಿಗೆ ಲಸಿಕೆ ತಪ್ಪಿದರೆ ಅದು ಮಹಡಿ ಮನೆಯ ಮೊಮ್ಮಗನನ್ನೂ ಹುಡುಕಿಕೊಂಡು ಬರುತ್ತದೆ. ಒಂದು ಶೌಚಾಲಯ, ಒಂದು ಕುಡಿಯುವ ನೀರಿನ ನಲ್ಲಿ ಹೆಚ್ಚಿಗೆ ಹಾಕಿಸಿದರೆ ಬಾಡಿಗೆಯಲ್ಲಿ ನಷ್ಟವಾಗುವುದಿಲ್ಲ.

ಮಗುವಿಗೆ 5ರಿಂದ 6 ವರ್ಷವಾದಾಗ ಡಿ.ಪಿ.ಟಿ.ಯ ಎರಡನೆಯ ವರ್ಧಕ ಚುಚ್ಚುಮದ್ದು ಬಾಕಿಯಿರುತ್ತದೆ. ಅಂಗನವಾಡಿ ಬಿಟ್ಟು ಶಾಲೆಗೆ ಸೇರುವ ಗಡಿಬಿಡಿಯಲ್ಲಿ ಹೆಚ್ಚು ಮಂದಿ ಮರೆಯುವುದು ಇದನ್ನೇ. ಒಂದನೆಯ ತರಗತಿಗೆ ಹೆಸರು ಬರೆಸಲು ಹೋಗುವ ದಿನ ತಾಯಿ ಕಾರ್ಡನ್ನೂ ಕೈಯಲ್ಲಿ ಹಿಡಿದು, ದಾರಿಯಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ.